ಹೊರಗಿನ ದೀಪ – ಕಂತು ಒಂಬತ್ತು: ಕತ್ತರಿಸಿದ ಸಾಲು

“ಇನ್ನೊಂದು ಸಲ ಹಾಡಿ,” ಎಂದಳು ವಿಮೆ ಅಕ್ಕ.

“ಗಂಟಲು ಸರಿಯಿಲ್ಲ,” ಎಂದ ಮಫ್ಲರ್.

“ಪಲ್ಲವಿ, ಎರಡನೇ ಚರಣ ಮಾತ್ರ. ಗಂಟಲಿಗೆ ನಾನೇನು ಮಾರ್ಕ್ಸ್ ಕೊಡಲ್ಲ.”

ಟೈರು ಅಂಗಡಿಯ ಮೇಲಿನ ಕೋಣೆ ಅದು. ಕೆಳಗೆ ಗಾಳಿ ತುಂಬುವ ಯಂತ್ರ ಚಾಲೂ ಆದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ಗೋಡೆಗೆ ಒರಗಿಸಿದ ಕೀಬೋರ್ಡುಗಳ ಮೇಲೆ ಹಳೆಯ ಟವೆಲ್ಲುಗಳನ್ನು ಹೊದಿಸಲಾಗಿತ್ತು. ಸಂಜೆ ಮಕ್ಕಳು ಸಂಗೀತ ಪಾಠಕ್ಕೆ ಬರುವವರೆಗೆ ಮಫ್ಲರನಿಗೆ ಬೇರೆ ಕೆಲಸವಿಲ್ಲ. ಪ್ರಾಯದಲ್ಲಿ ಅವನು ಹೋಟೆಲುಗಳಲ್ಲಿ ಜನ ಊಟ ಮಾಡುವಾಗ ಹಾಡುತ್ತಿದ್ದ. ಬೇಸಗೆಯಲ್ಲೂ ಕೊರಳಿಗೆ ಮಫ್ಲರು ಸುತ್ತಿಕೊಳ್ಳುವುದು ಆಗಿನ ಅಭ್ಯಾಸ. ಹಾಡು ಹೋಯಿತು, ಮಫ್ಲರು ಉಳಿಯಿತು.

ಹೋದ ವಾರ ಇದೇ ಕೋಣೆಯಲ್ಲಿ ಅವನು ‘ಹೊರಗಿನ ದೀಪ’ ಹಾಡನ್ನು ಎಲ್ಲರ ಹಾಗೆ ತಾನೂ ರೆಕಾರ್ಡು ಕೇಳಿಯೇ ಕಲಿತೆ ಎಂದಿದ್ದ.

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಮಗಳು ಕೂತಿದ್ದಳು. ಆ ಹಾಡನ್ನು ಮೊದಲು ಹಾಡಿದವಳ ಮಗಳು. ಅಮ್ಮನ ಸಾವಿನ ವಿಷಯ ವಿಚಾರಿಸಲು ವಿಮೆ ಅಕ್ಕನನ್ನು ಹಚ್ಚಿದವಳೂ ಅವಳೇ. ಕಟ್ಟುಹಲ್ಲು ತಯಾರಿಸುವ ತನ್ನ ಲ್ಯಾಬಿನಿಂದ ನೇರ ಬಂದಿದ್ದಳು. ಪ್ಲಾಸ್ಟರ್ ಧೂಳಿಗೆಂದು ಕಟ್ಟಿದ ಮಾಸ್ಕು ಇನ್ನೂ ಮುಖದ ಮೇಲಿತ್ತು. ‘ನನ್ನ ಜೊತೆ ಕೆಲಸ ಮಾಡ್ತಾಳೆ’ ಎಂದಷ್ಟೇ ವಿಮೆ ಅಕ್ಕ ಮಫ್ಲರನಿಗೆ ಹೇಳಿದ್ದಳು.

ಮಫ್ಲರ್ ಕೆಮ್ಮಿದ. ನೀರು ಕುಡಿದ. ಮತ್ತೆ ಹಾಡಿದ.

“ಹೊರಗಿನ ದೀಪ ಆರಿಸಬೇಡ, ಸಂಜೆ ಸರಿದರೂ… ಕದವ ಹಾಕಬೇಡ…”

ಅಲ್ಲಿ ನಿಲ್ಲಿಸಿದ. ತೊಡೆಯ ಮೇಲೆ ಬೆರಳು ತಾಳ ಎಣಿಸಿತು. ಆಮೇಲೆ, “…ದಾರಿಯಲ್ಲಿದ್ದೇನೆ.”

“ಚೆನ್ನಾಗಿ ನಿಲ್ಲಿಸಿದ್ರಿ,” ಎಂದಳು ವಿಮೆ ಅಕ್ಕ.

“ಅಲ್ಲಿ ನಿಲ್ಲಿಸಲೇಬೇಕು ತಾಯಿ. ಆ ಮೌನವೇ ಹಾಡು.”

“ಹಾಗಂತ ಎಲ್ಲರೂ ಹೇಳ್ತಾರೆ.”

ಹೇಳುತ್ತಿದ್ದುದು ನಿಜ. ಆ ಸಾಲಿನ ನಡುವೆ ದನಿಯೂ ಗಿಟಾರೂ ಒಟ್ಟಿಗೆ ನಿಂತುಹೋಗುವ ಆ ಕ್ಷಣದ ಬಗ್ಗೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂದಿತ್ತು. ವಿರಹದ ಮೌನ ಎಂದು ಒಬ್ಬರು, ಪ್ರೇಮಿ ಬರುವ ಹೆಜ್ಜೆಗೆ ಕಿವಿಗೊಟ್ಟ ಮೌನ ಎಂದು ಇನ್ನೊಬ್ಬರು. ಕೆಲವು ವರ್ಷಗಳ ನಂತರ ಆಗಿನ ಪಟ್ಟದ ಗಾಯಕಿ ಪಿಟೀಲುಗಳ ದಂಡು ಕಟ್ಟಿಕೊಂಡು ಅದೇ ಹಾಡನ್ನು ಮತ್ತೆ ಹಾಡಿದಳು. ಆ ಜಾಗ ಬಂದಾಗ ವೇದಿಕೆಯ ಮೇಲೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು, ಸಭೆಯೂ ಉಸಿರು ಹಿಡಿಯುತ್ತಿತ್ತು. ಆಮೇಲೆ ಉದ್ದಕೂದಲಿನ ಹುಡುಗರ ಬ್ಯಾಂಡೊಂದು ಕಿವಿ ಕಿತ್ತುಹೋಗುವಂತೆ ಹಾಡಿತು. ಅವರ ಡ್ರಮ್ಮಿನವನೂ ಅಲ್ಲಿ ಕೋಲುಗಳನ್ನು ಮೇಲೆತ್ತಿ ನಿಲ್ಲಿಸುತ್ತಿದ್ದ. ಈಗ ಟೀವಿ ಸ್ಪರ್ಧೆಗಳಲ್ಲಿ ಹಾಡುವ ಮಕ್ಕಳು ಬೆರಳು ಮಡಿಸಿ ಎಣಿಸಿಕೊಂಡು ನಿಲ್ಲುತ್ತಾರೆ. ರೆಕಾರ್ಡಿನಿಂದ ಕಲಿಯುವವರ ಪದ್ಧತಿಯೇ ಅದು. ರೆಕಾರ್ಡಿನಲ್ಲಿ ಕೆಮ್ಮಿದ್ದರೆ ಕೆಮ್ಮನ್ನೂ ಬಾಯಿಪಾಠ ಮಾಡುತ್ತಾರೆ.

ವಿಮೆ ಅಕ್ಕ ಚೀಲದಿಂದ ಪುಟ್ಟ ಟೇಪ್ ರೆಕಾರ್ಡರು ತೆಗೆದಳು. ಅದರೊಳಗೆ ಆಗಲೇ ಒಂದು ಕ್ಯಾಸೆಟ್ಟಿತ್ತು.

ಮಫ್ಲರನ ಕೈ ತಾನಾಗಿ ಕೊರಳಿಗೆ ಹೋಯಿತು.

“ನನ್ನ ಕ್ಯಾಸೆಟ್ಟು. ಇದೆಲ್ಲಿ ಸಿಕ್ತು ನಿಮಗೆ?”

“ನೀವು ಹಾಡ್ತಿದ್ದ ಹೋಟೆಲಿನ ಹಳೇ ಕ್ಯಾಷಿಯರ್ ಹತ್ರ. ಕವರು ಕೂಡ ಹರಿದಿರಲಿಲ್ಲ. ಪಾಪ, ಕೇಳೇ ಇರಲಿಲ್ಲ.”

“ಅವನೊಬ್ಬನೇ ಅಲ್ಲ ಬಿಡಿ. ಯಾರೂ ಕೇಳಲಿಲ್ಲ.”

ಅವಳು ಗುಂಡಿ ಒತ್ತಿದಳು. ಸರಸರ ಸದ್ದಿನ ಹಿಂದಿನಿಂದ ಒಂದು ಗಿಟಾರು, ಆಮೇಲೆ ಎಳೆಯ ಮಫ್ಲರನ ದನಿ. ಒಳ್ಳೆಯ ದನಿಯಲ್ಲ, ಆದರೆ ಅವಸರವಿಲ್ಲದ ದನಿ. ಎರಡನೇ ಚರಣ ಬಂತು.

“ಕದವ ಹಾಕಬೇಡ, ಮಗಳು ಎದ್ದರೆ ಹೇಳು, ದಾರಿಯಲ್ಲಿದ್ದೇನೆ.”

ಗುಂಡಿ ಟಕ್ಕೆಂದು ಮೇಲೆ ಬಂತು.

“ಇದರಲ್ಲಿ ಮೌನ ಇಲ್ಲ,” ಎಂದಳು ವಿಮೆ ಅಕ್ಕ.

“ನಾನೇ ಸೇರಿಸಿದೆ. ಖಾಲಿ ಬಿಡೋದು ಯಾಕೆ ಅಂತ.”

“ಈಗಷ್ಟೇ ಆ ಮೌನವೇ ಹಾಡು ಅಂದ್ರಿ.”

“ಆಗ ಬುದ್ಧಿ ಇರಲಿಲ್ಲ.”

“ಸರಿ, ಸೇರಿಸಿದ್ರಿ. ಯಾವ ಮಗಳು?”

“ಅಂದ್ರೆ?”

“ನಿಮಗೆ ಮದುವೆ ಆಗಿಲ್ಲ, ಮಕ್ಕಳಿಲ್ಲ. ರೆಕಾರ್ಡಲ್ಲಿ ಇರೋದು ಪ್ರೇಮಿಗಳ ಹಾಡು. ಹೋಟೆಲಲ್ಲಿ ಹಾಡೋ ಇಪ್ಪತ್ತೈದರ ಹುಡುಗ ಪ್ರೇಮದ ಹಾಡಿನ ಮಧ್ಯೆ ಮಲಗಿರೋ ಮಗೂನ ಯಾಕೆ ತಂದು ತುರುಕ್ತಾನೆ?”

ಕೆಳಗೆ ಯಂತ್ರ ಚಾಲೂ ಆಯಿತು. ಗಾಜು ನಡುಗಿತು. ಅದು ನಿಲ್ಲುವವರೆಗೆ ವಿಮೆ ಅಕ್ಕ ಅವನ ಮುಖ ನೋಡುತ್ತ ಕೂತಳು. ವಿಮಾ ಕಂಪನಿಯಲ್ಲಿ ಸಾವಿನ ಅರ್ಜಿಗಳನ್ನು ಪರಿಶೀಲಿಸುತ್ತಿದ್ದ ಕಾಲದಿಂದಲೂ ವಿಮೆ ಅಕ್ಕ ಕಾಯುವುದರಲ್ಲಿ ಗಟ್ಟಿಗಿತ್ತಿ. ಸುಳ್ಳು ಹೇಳುವವರಿಗೆ ಪ್ರಶ್ನೆಗಿಂತ ಬಿಡುವೇ ಹೆಚ್ಚು ಕಷ್ಟ ಎಂದು ಅವಳಿಗೆ ಗೊತ್ತಿತ್ತು.

“ಅದೂ ಅಲ್ಲದೆ, ಆ ಸಾಲು ಆ ಖಾಲಿ ಜಾಗದಲ್ಲಿ ಸರಿಯಾಗಿ ಕೂರುತ್ತೆ,” ಎಂದಳು ಮತ್ತೆ. “ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನೀವು ತೂತಿಗೆ ತೇಪೆ ಹಾಕಿಲ್ಲ. ತೂತು ಬೀಳೋಕೆ ಮುಂಚಿನ ಬಟ್ಟೆ ನೋಡಿದೀರಿ. ಆ ಹಾಡು ರೆಕಾರ್ಡಾದ ದಿನ ಸ್ಟುಡಿಯೋದಲ್ಲಿ ಗಿಟಾರು ನುಡಿಸಿದ್ದು ನೀವೇ.”

“ನನ್ನ ಹೆಸರು ಎಲ್ಲಾದರೂ ಇದೆಯಾ?”

“ಇಲ್ಲ. ಇದ್ದಿದ್ರೆ ನಾನು ಎರಡು ಸಲ ಮೆಟ್ಟಿಲು ಹತ್ತಬೇಕಾಗ್ತಿರಲಿಲ್ಲ.”

“ಹಾಗಾದ್ರೆ ಹೊರಡಿ. ಮಕ್ಕಳು ಬರೋ ಹೊತ್ತಾಯ್ತು. ಆ ಹಾಡು ಹಾಡಿದವಳು ಸತ್ತು ಕಾಲ ಆಯ್ತು. ಈಗ ಕೆದಕಿ ಯಾರಿಗೇನು ಸಿಗಬೇಕು?”

“ನನಗೆ,” ಎಂದಳು ಮಗಳು.

ಅವಳು ಬಂದಮೇಲೆ ಆಡಿದ ಮೊದಲ ಮಾತು ಅದು. ಕಿವಿಯ ಹಿಂದಿನಿಂದ ದಾರ ಬಿಡಿಸಿ ಮಾಸ್ಕು ತೆಗೆದಳು. ನಗಲಿಲ್ಲ, ಬರೀ ತುಟಿ ಬಿಚ್ಚಿದಳು. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು. ಊರವರ ಹಲ್ಲನ್ನೆಲ್ಲ ಸರಿಮಾಡಿ ಕೊಡುವವಳು ತನ್ನದನ್ನು ಮಾತ್ರ ಹಾಗೇ ಬಿಟ್ಟುಕೊಂಡಿದ್ದಳು.

ಮಫ್ಲರ್ ಆ ಸಂದನ್ನೇ ನೋಡಿದ. ಕುರ್ಚಿಯಲ್ಲಿ ಅವನ ಮೈ ಸಣ್ಣದಾಯಿತು.

“ನೀನು… ಆ ಕೂಸಾ?”

“ಸ್ಟುಡಿಯೋಗೆ ನನ್ನ ಕರ್ಕೊಂಡು ಬರ್ತಿದ್ಲಾ?”

“ಒಂದೆರಡು ಸಲ. ಗಿಟಾರಿನ ಪೆಟ್ಟಿಗೇಲಿ ಮಲಗಿಸ್ತಿದ್ವಿ. ಅವತ್ತು ತಂದಿರಲಿಲ್ಲ.”

ಮಗಳು ತಲೆಯಾಡಿಸಿದಳು. ಅವಳಿಗೆ ಬೇಕಿದ್ದುದು ಒಂದೇ ಉತ್ತರ. ವಿಮೆ ಅಕ್ಕನ ಬಳಿ ಮೊದಲ ದಿನ ಬಂದಾಗಲೂ ಅದನ್ನೇ ಕೇಳಿದ್ದಳು: ‘ಅಮ್ಮ ನನ್ನ ಬಿಟ್ಟು ಹೋದಳಾ?’ ಅವಳನ್ನು ಸಾಕಿದ ಚಿಕ್ಕಮ್ಮ, ಅಮ್ಮನ ತಂಗಿ, ಹೇಳಿದ ಕಥೆ ಹೀಗಿತ್ತು. ಅಕ್ಕ ಹಾಡು ಮುಗಿಸಿದಳು, ಮನೆಗೆ ಬರಲಿಲ್ಲ, ನೇರ ರೈಲ್ವೆ ಸೇತುವೆಗೆ ಹೋಗಿ ಹಾರಿದಳು. ನಾನು ಇಡೀ ರಾತ್ರಿ ನಿನ್ನನ್ನ ಎತ್ತಿಕೊಂಡು ಮನೆಯಲ್ಲೇ ಕಾದೆ, ಬೆಳಿಗ್ಗೆ ಪೊಲೀಸರು ಬಂದರು. ಚಿಕ್ಕಮ್ಮ ಇದನ್ನು ಅಳದೆ, ಬೈಯದೆ, ಪ್ರತಿ ಸಲವೂ ಒಂದೇ ರೀತಿ ಹೇಳುತ್ತಿದ್ದಳು. ಸತ್ತವಳ ಕಡೇ ಹಾಡು ಎಂದು ರೆಕಾರ್ಡು ಬಿಸಿ ಬಿಸಿಯಾಗಿ ಖರ್ಚಾಯಿತು. ಆ ಹಾಡು ರೇಡಿಯೋದಲ್ಲಿ ಬಂದಾಗಲೆಲ್ಲ ಮಗಳು ಎದ್ದು ಹೊರಗೆ ಹೋಗುತ್ತಿದ್ದಳು. ತನ್ನನ್ನು ಬಿಟ್ಟು ಅಮ್ಮ ಯಾರಿಗೋ ‘ದಾರಿಯಲ್ಲಿದ್ದೇನೆ’ ಎಂದು ಹಾಡುವುದನ್ನು ಕೇಳುವುದು ಹೇಗೆ?

“ಯಾರಿಗೋ ಅಲ್ಲಮ್ಮ,” ಎಂದ ಮಫ್ಲರ್. ಅವಳು ಬಾಯಿಬಿಟ್ಟು ಹೇಳದಿದ್ದರೂ ಅವನಿಗೆ ಗೊತ್ತಾಗಿತ್ತು. “ಹಾಡು ನಿನ್ನದೇ. ಕೆಲಸ ಮುಗಿಸಿ ತಡವಾಗಿ ಬರೋ ತಾಯಿ ಮನೇಲಿರೋರಿಗೆ ಹೇಳೋದು ಅದು. ಪ್ರೇಮ ಗೀಮ ಏನಿಲ್ಲ.”

“ಮತ್ತೆ ಆ ಸಾಲು ಹೋಗಿದ್ದು ಹೇಗೆ?” ಎಂದಳು ವಿಮೆ ಅಕ್ಕ.

“ಯಜಮಾನ. ಕಂಪನಿ ಅವನದು. ಗಾಜಿನ ಆಚೆ ಕೂತಿದ್ದ. ಇವಳು ಎರಡನೇ ಚರಣ ಶುರುಮಾಡಿ ‘ಮಗಳು ಎದ್ದರೆ ಹೇಳು’ ಅನ್ನೋ ಹೊತ್ತಿಗೆ ಟೇಪು ನಿಲ್ಲಿಸಿ ಒಳಗೆ ಬಂದ. ಮಗಳು ಗಿಗಳು ತೆಗಿ, ಮಗು ಎತ್ಕೊಂಡವಳ ಹಾಡು ಯಾವ ಹುಡುಗ ಕೇಳ್ತಾನೆ ಅಂದ.”

“ಅವಳೇನಂದಳು?”

“ನಿಮ್ಮ ತಾಯಿ ಹಾಡಿದ್ರೆ ನೀವು ಕೇಳ್ತಿರಲಿಲ್ವಾ ಅಂದ್ಲು.” ಮಫ್ಲರನ ಬಾಯಿ ಒಂದು ಗಳಿಗೆ ನಗುವಿನ ಹತ್ತಿರ ಬಂದು ವಾಪಸು ಹೋಯಿತು. “ಅವನಿಗೆ ಸಿಟ್ಟು ಬಂತು. ಸಾಲು ತೆಗೆಯೋವರೆಗೂ ಹಾಡು ಮುಂದೆ ಹೋಗಲ್ಲ ಅಂದ. ಅವಳು ಹೆಡ್‌ಫೋನ್ ತೆಗೆದು ಕುರ್ಚಿ ಮೇಲಿಟ್ಟು, ಮಗಳು ಎದ್ದಿರ್ತಾಳೆ, ಮನೆಗೆ ಹೋಗ್ತೀನಿ, ನಾಳೆ ಬರ್ತೀನಿ ಅಂತ ಹೊರಟುಬಿಟ್ಲು.”

“ಮನೆಗೆ ಅಂದ್ಲಾ?” ಎಂದಳು ಮಗಳು.

“ಮನೆಗೆ ಅಂತಲೇ.”

“ನಾಳೆ ಬರ್ತೀನಿ ಅಂದ್ಲಾ?”

“ಅಂದ್ಲು. ನನಗೆ, ನಾಳೆ ಹೊಸ ತಂತಿ ಹಾಕ್ಕೊಂಡು ಬಾ, ಇದು ಬೆಕ್ಕು ಅತ್ತಂಗೆ ಅಳತ್ತೆ ಅಂತಾನೂ ಅಂದ್ಲು.”

ಮಗಳು ಕೈಯಲ್ಲಿದ್ದ ಮಾಸ್ಕನ್ನು ಮಡಿಸಿದಳು. ಮತ್ತೆ ಮಡಿಸಿದಳು. ಇನ್ನು ಮಡಿಸಲಾಗದಷ್ಟು ಸಣ್ಣದಾದ ಮೇಲೂ ಒತ್ತುತ್ತಲೇ ಇದ್ದಳು.

ವಿಮೆ ಅಕ್ಕ ಅವಳ ಕಡೆ ನೋಡಲಿಲ್ಲ. ನೋಡಿದರೆ ತನ್ನ ಕೆಲಸ ಕೆಡುತ್ತದೆ ಎಂದು ಗೊತ್ತಿತ್ತು.

“ಹಾಗಾದ್ರೆ ಅವತ್ತು ಟೇಪಲ್ಲಿ ಇದ್ದದ್ದು ಅರ್ಧ ಹಾಡು,” ಎಂದಳು.

“ಅರ್ಧ.”

“ಅಂಗಡಿಗೆ ಬಂದ ರೆಕಾರ್ಡಲ್ಲಿ ಪೂರ್ತಿ ಇದೆ.”

“ಇದೆ.”

“ಮಾರನೇ ಬೆಳಿಗ್ಗೆ ಅವಳ ಹೆಣ ಸಿಕ್ಕಿದೆ. ಉಳಿದರ್ಧ ಹಾಡಿದ್ದು ಯಾರು?”

ಮಫ್ಲರ್ ಮಫ್ಲರನ್ನು ಬಿಚ್ಚಿದ. ಒಳಗಿನ ಕೊರಳು ತೆಳ್ಳಗೆ, ಬಿಳಿಚಿಕೊಂಡು, ಬಿಸಿಲನ್ನೇ ಕಾಣದ ಕೊರಳಾಗಿತ್ತು.

“ಯಜಮಾನನನ್ನ ನಾನೂ ಇದೇ ಕೇಳಿದೆ. ನೀನು ಹೋದಮೇಲೆ ವಾಪಸ್ ಬಂದ್ಲು, ಬೇರೆ ಗಿಟಾರಿನವನನ್ನ ಕರೆಸಿ ರಾತ್ರಿಯೇ ಮುಗಿಸಿದ್ವಿ ಅಂದ ಯಜಮಾನ. ಆ ಸಾಲು ಕತ್ತರಿಸಿ ಎರಡು ತುಂಡು ಅಂಟಿಸಿದ ಜಾಗವೇ ಆ ಮೌನ. ಮುಂದಿನ ಭಾಗದ ಗಿಟಾರು ನಂದಲ್ಲ, ಅದು ನನಗೂ ಕೇಳ್ತಿತ್ತು. ದನಿ ಅವಳದೇ ಅನ್ನಿಸ್ತು. ನಂಬಿದೆ. ನಂಬೋದು ಸುಲಭ ಇತ್ತು. ನಿನಗೂ ಒಂದು ಕ್ಯಾಸೆಟ್ ಮಾಡಿಕೊಡ್ತೀನಿ, ಬಾಯಿ ಮುಚ್ಕೊಂಡಿರು ಅಂದಿದ್ದ.”

“ಆ ಕ್ಯಾಸೆಟ್ಟಲ್ಲೇ ನೀವು ಆ ಸಾಲು ವಾಪಸ್ ಹಾಕಿದ್ರಿ. ಯಜಮಾನ ಸುಮ್ಮನಿದ್ನಾ?”

“ಅವನು ಕೇಳಿದ್ರಲ್ಲವಾ ಕೋಪ ಮಾಡ್ಕೊಳ್ಳೋದು,” ಎಂದ ಮಫ್ಲರ್. “ಸಾಯೋವರೆಗೂ ಕೇಳಲಿಲ್ಲ.”

ಮೆಟ್ಟಿಲ ಮೇಲೆ ಮಕ್ಕಳ ಗಲಾಟೆ ಹತ್ತಿ ಬರುತ್ತಿತ್ತು. ಮಗಳು ಎದ್ದಳು. ಬಾಗಿಲಲ್ಲಿ ನಿಂತು, “ಗಿಟಾರ್ ಪೆಟ್ಟಿಗೆ ಇನ್ನೂ ಇದೆಯಾ?” ಎಂದು ಕೇಳಿದಳು.

“ಇಲ್ಲಮ್ಮ. ಇಲಿ ಕಡಿದು ಹಾಕಿದ್ವು.”

“ಹೋಗಲಿ ಬಿಡಿ,” ಎಂದಳು.

*

ಇಬ್ಬರೂ ಲ್ಯಾಬಿಗೆ ಬಸ್ಸು ಹತ್ತಿದರು. ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಕೂತಿದ್ದಳು. ಇಳಿಯುವ ಮುಂಚೆ, “ಮನೆಗೆ ಅಂತ ಹೊರಟಿದ್ಲು,” ಎಂದಳು. ವಿಮೆ ಅಕ್ಕ, “ಹೂಂ,” ಎಂದಳು. ಅಷ್ಟು ವರ್ಷ ಹೊತ್ತ ಕಲ್ಲು ಇಳಿದರೆ ಹಗುರವಾಗುತ್ತದೆ ಎಂದು ಜನ ಹೇಳುತ್ತಾರೆ. ಮಗಳಿಗೆ ಹಾಗೇನೂ ಆದಂತೆ ಕಾಣಲಿಲ್ಲ. ಅಮ್ಮ ಬಿಟ್ಟು ಹೋಗಿದ್ದರೆ ಅವಳ ಮೇಲೆ ಸಿಟ್ಟಾದರೂ ಮಾಡಬಹುದಿತ್ತು. ಈಗ ಆ ಸಿಟ್ಟಿಗೂ ಜಾಗವಿಲ್ಲ.

ಲ್ಯಾಬು ಒಂದೇ ಕೋಣೆ. ಮೇಜಿನ ಮೇಲೆ ಮೇಣದ ತುಂಡುಗಳು, ಸಣ್ಣ ಚಾಕುಗಳು, ಅರ್ಧ ಉಜ್ಜಿದ ಹಲ್ಲುಸೆಟ್ಟು. ಮೂರೂ ಗೋಡೆಗಳ ಮೇಲೆ ಸೂರಿನವರೆಗೆ ಕಪಾಟು, ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು. ಬಂದವರ ಬಾಯಿಯ ಅಚ್ಚು ತೆಗೆದು ಅದರ ಮೇಲೆಯೇ ಕಟ್ಟುಹಲ್ಲು ಕೂರಿಸಬೇಕು. ಹಲ್ಲು ಕೊಂಡುಹೋದ ಮೇಲೂ ಮಗಳು ಅಚ್ಚುಗಳನ್ನು ಎಸೆಯುತ್ತಿರಲಿಲ್ಲ. ಒಂದು ದಿನ ಇವೆಲ್ಲ ಒಟ್ಟಿಗೆ ಬಾಯಿಬಿಟ್ಟರೆ ಏನು ಗತಿ ಎಂದು ವಿಮೆ ಅಕ್ಕ ಮೊದಲ ಸಲ ಬಂದಾಗ ತಮಾಷೆ ಮಾಡಿದ್ದಳು.

“ನಿಮ್ಮಮ್ಮನನ್ನ ಹೋಲೋ ದನಿ ಹುಡುಕಬೇಕು,” ಎಂದಳು ವಿಮೆ ಅಕ್ಕ, ಚಪ್ಪಲಿ ಬಿಡುತ್ತ. “ಆಗ ಕೋರಸ್ ಹಾಡ್ತಿದ್ದವರು ಯಾರ‍್ಯಾರು ಅಂತ ವಿಚಾರಿಸ್ತೀನಿ. ಎಷ್ಟು ಜನ ಬದುಕಿದಾರೋ.”

ಮಗಳು ಮೇಜಿನ ದೀಪ ಹಾಕಿ, ಅಮ್ಮನ ರೆಕಾರ್ಡಿನ ಹಾಡನ್ನು ಫೋನಿನಿಂದ ಸ್ಪೀಕರಿಗೆ ಹಾಕಿದಳು. ಅವಳು ಅದನ್ನು ತಾನಾಗಿ ಹಾಕಿದ್ದನ್ನು ವಿಮೆ ಅಕ್ಕ ಇದೇ ಮೊದಲು ನೋಡಿದ್ದು.

“ಹೊರಗಿನ ದೀಪ ಆರಿಸಬೇಡ, ಸಂಜೆ ಸರಿದರೂ…”

ನಿಲ್ಲಿಸಿದಳು. ಮತ್ತೆ ಅದೇ ಸಾಲು. ಮತ್ತೆ ಅದೇ.

“ಏನು?” ಎಂದಳು ವಿಮೆ ಅಕ್ಕ.

“ಸಂಜೆ ಅಂತ ಹೇಳಿ.”

“ಸಂಜೆ.”

“ಈಗ ನಾನು ಹೇಳ್ತೀನಿ, ಕೇಳಿ. ಸಂಜೆ.”

ಮಗಳ ‘ಸ’ ಜೊತೆ ಕೂದಲೆಳೆಯಷ್ಟು ಸಣ್ಣ ಸಿಳ್ಳು ಬಂತು.

“ಹಲ್ಲಿನ ಸಂದಿಂದ ಗಾಳಿ ಹೋಗುತ್ತೆ. ಕಟ್ಟುಹಲ್ಲು ಹಾಕಿಸ್ಕೊಂಡವರು ಮಾರನೇ ದಿನ ಬಂದು ಜಗಳ ಆಡೋದೇ ಈ ‘ಸ’ ವಿಷಯಕ್ಕೆ. ದಿನಾ ಇದೇ ನನ್ನ ಕೆಲಸ. ಅಮ್ಮನಿಗೂ ನನ್ನ ಹಾಗೇ ಸಂದು ಇತ್ತು. ಈಗ ಅವಳದು ಕೇಳಿ.”

ವಿಮೆ ಅಕ್ಕ ಕೇಳಿದಳು. ಆರಿ-ಸ-ಬೇಡ. ಸಂಜೆ ಸರಿದರೂ. ಪ್ರತಿ ‘ಸ’ದ ಬಾಲದಲ್ಲೂ ಆ ಸಿಳ್ಳು ಇತ್ತು. ಇಷ್ಟು ವರ್ಷ ಊರೆಲ್ಲ ಈ ಹಾಡು ಕೇಳಿತ್ತು. ಹಲ್ಲನ್ನು ಯಾರು ಕೇಳಿಸಿಕೊಳ್ಳುತ್ತಾರೆ?

ಮಗಳು ಹಾಡನ್ನು ಮುಂದೆ ಬಿಟ್ಟಳು. ಕದವ ಹಾಕಬೇಡ. ಮೌನ. ದಾರಿಯಲ್ಲಿದ್ದೇನೆ. ಆಮೇಲೆ ಪಲ್ಲವಿ ಮತ್ತೆ, ಅದೇ ಮಾತುಗಳು: “ಹೊರಗಿನ ದೀಪ ಆರಿಸಬೇಡ, ಸಂಜೆ ಸರಿದರೂ…”

ಸಿಳ್ಳು ಇರಲಿಲ್ಲ.

ಹಾಗೆಂದು ‘ಸ’ ಸ್ವಚ್ಛವಾಗಿಯೂ ಇರಲಿಲ್ಲ. ಒಂದು ಪಕ್ಕಕ್ಕೆ ಒದ್ದೆಯಾಗಿ ಜಾರುತ್ತಿತ್ತು. ದನಿ ಮಾತ್ರ ಅದೇ ದನಿ, ಅದೇ ಜೇನಿನಂಥ ಭಾರ.

“ಬೇರೆ ಬಾಯಿ,” ಎಂದಳು ವಿಮೆ ಅಕ್ಕ ನಿಧಾನವಾಗಿ.

“ಬೇರೆ ಬಾಯಿ. ಕೋರೆಹಲ್ಲು ಸಾಲು ಬಿಟ್ಟು ಮೇಲೆ ಹತ್ತಿರೋ ಬಾಯಿ. ಅದರ ಪಕ್ಕದಿಂದ ಗಾಳಿ ಸೋರುತ್ತೆ.” ಮಗಳ ದನಿ ಗಿರಾಕಿಗೆ ವಿವರಿಸುವ ದನಿಯಂತೆ ಸಮನಾಗಿತ್ತು. “ದನಿ ಒಂದೇ ಥರ ಇರೋದಕ್ಕೆ ಹಲ್ಲು ಒಂದೇ ಇರಬೇಕಾಗಿಲ್ಲ ಅಲ್ವಾ. ಮನೆತನ ಒಂದಾದ್ರೆ ಸಾಕು.”

ಅವಳು ಸ್ಟೂಲು ಎಳೆದುಕೊಂಡು ಹತ್ತಿದಳು. ಮೇಲಿನ ಕಪಾಟಿನ ಹಿಂದಿನ ಸಾಲಿಗೆ ಕೈ ಹಾಕಿ, ಎರಡು ಅಚ್ಚು ಆಚೆ ಸರಿಸಿ, ಮೂರನೆಯದನ್ನು ಇಳಿಸಿಕೊಂಡು ಬಂದಳು. ಧೂಳು ಊದಿ, ದೀಪದ ಕೆಳಗೆ ಮಲ್ಲಿಗೆ ಬಣ್ಣದ ಆ ದವಡೆಯನ್ನು ಇಟ್ಟಳು.

ಎಡಗಡೆಯ ಕೋರೆಹಲ್ಲು ಸಾಲು ಬಿಟ್ಟು ಮೇಲೆ ಹತ್ತಿತ್ತು.

“ಯಾರದು?” ಎಂದಳು ವಿಮೆ ಅಕ್ಕ. ಕೇಳುವ ಮೊದಲೇ ಅವಳಿಗೆ ಗೊತ್ತಿತ್ತು.

“ಹಲ್ಲೆಲ್ಲ ಕೀಳಿಸೋಕೆ ಮುಂಚೆ ನಾನೇ ತೆಗೆದ ಅಚ್ಚು. ಹೊಸ ಸೆಟ್ಟು ಮಾಡಿಕೊಟ್ಟಿದ್ದೂ ನಾನೇ.” ಮಗಳು ಆ ಕೋರೆಹಲ್ಲಿನ ಮೇಲೆ ಬೆರಳಿಟ್ಟಳು. “ನನ್ನ ಗಂಟಲಿಗೆ ತುಕ್ಕು ಹಿಡಿದಿದೆ ಕಣೇ, ನನಗೆ ಹಾಡೋಕೆ ಬರಲ್ಲ ಅಂತಿದ್ಲು. ಲಾಲಿ ಕೂಡ ಹಾಡಲಿಲ್ಲ. ಇಡೀ ರಾತ್ರಿ ನನ್ನ ಎತ್ತಿಕೊಂಡು ಮನೆಯಲ್ಲೇ ಇದ್ದೆ ಅಂತಿದ್ಲು.”

“ಚಿಕ್ಕಮ್ಮ,” ಎಂದಳು ವಿಮೆ ಅಕ್ಕ.

ಸ್ಪೀಕರಿನಲ್ಲಿ ಹಾಡು ಕಡೆಯ ಪಲ್ಲವಿಗೆ ಬಂದಿತ್ತು. ಅಕ್ಕನ ಹಾಡನ್ನು ತಂಗಿ ಮುಗಿಸುತ್ತಿದ್ದಳು. ಆ ರಾತ್ರಿ ತಂಗಿ ಸ್ಟುಡಿಯೋದಲ್ಲಿದ್ದರೆ ಮನೆಯಲ್ಲಿ ಮಗುವಿನ ಹತ್ತಿರ ಯಾರಿದ್ದರು? ಮನೆಗೆಂದು ಹೊರಟ ಅಕ್ಕ ಬಾಗಿಲು ತಟ್ಟಿದಾಗ ಯಾರು ತೆಗೆದರು? ತಟ್ಟಿದಳೋ ಇಲ್ಲವೋ. ಈ ಪ್ರಶ್ನೆಗಳನ್ನು ಕೇಳಬೇಕಾಗಿದ್ದುದು ಮಗಳಿಗೆ ಉಳಿದಿದ್ದ ಒಬ್ಬಳೇ ಒಬ್ಬಳನ್ನು.

“ಇವತ್ತೇ ಕೇಳಬೇಡ,” ಎಂದಳು ವಿಮೆ ಅಕ್ಕ. “ನಾನಿದೀನಿ ಅಂತ ಅವರಿಗೆ ಗೊತ್ತಿಲ್ಲ. ಹಾಗೇ ಇರಲಿ.”

“ನಾನು ಯಾರಿಗೂ ಹೇಳಿಲ್ಲ.”

ಫೋನು ಹಾಡನ್ನು ನಿಲ್ಲಿಸಿ ತಾನೇ ರಿಂಗಾಯಿತು. ಸ್ಪೀಕರಿನಲ್ಲಿ ಆ ಸದ್ದು ಕೋಣೆ ತುಂಬಿತು. ಮಗಳು ಪರದೆ ನೋಡಿ, ವಿಮೆ ಅಕ್ಕನನ್ನು ನೋಡಿ, ಒತ್ತಿದಳು.

“ಎಲ್ಲಿದೀಯೇ?” ಚಿಕ್ಕಮ್ಮನ ದನಿ ದವಡೆಗಳ ನಡುವಿನಿಂದ ಬಂತು. “ಇಷ್ಟೊತ್ತಾಯ್ತಲ್ಲ.”

“ಲ್ಯಾಬಲ್ಲಿ ಚಿಕ್ಕಮ್ಮ. ಹೊರಡ್ತೀನಿ.”

“ಊಟಕ್ಕೆ ಕಾಯ್ತಿದೀನಿ. ಒಬ್ಬಳೇ ಬಾ.” ಒಂದು ಉಸಿರಿನಷ್ಟು ಬಿಡುವು. “ಆ ವಿಮೆಯವಳನ್ನ ಅವಳ ಮನೆಗೆ ಕಳಿಸು. ಹೊರಗಿನ ದೀಪ ಆರಿಸಲ್ಲ, ಬಾ.”

ಲೈನು ಕಟ್ಟಾಯಿತು.

‘ಆರಿಸಲ್ಲ’ ಎಂಬುದರ ಆ ‘ಸ’ ಪಕ್ಕಕ್ಕೆ ಜಾರಿರಲಿಲ್ಲ. ಅಚ್ಚುಕಟ್ಟಾಗಿ, ಸ್ವಚ್ಛವಾಗಿತ್ತು. ಅದನ್ನು ಸರಿಮಾಡಿ ಕೊಟ್ಟವಳು ಮೇಜಿನ ಮುಂದೆ, ಪ್ಲಾಸ್ಟರಿನ ದವಡೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.